ಸಹೋದ್ಯೋಗಿಗಳ ಸ್ವಭಾವ ನೋಡಿ ಕೆಲಸ ಹಂಚುವುದು ಸರಿಯೇ?

ಪ್ರಶ್ನೆ
ಬರೆದವರು: ಬಿ.ಎಂ. ರಸ್ತೆಯವ, ಹಾಸನ

ಹಾಸನದ ಬಿ.ಎಂ. ರಸ್ತೆಯ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ನಾನು ತಂಡದ ಲೀಡ್ ಆಗಿದ್ದೇನೆ. ನಾವು ಒಟ್ಟು ಹನ್ನೊಂದು ಜನ. ಹಳ್ಳಿಯ ಡೈರಿಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಅಳೆಯುವ ಹಾಲಿನ ಪ್ರಮಾಣ, ಫ್ಯಾಟ್ ಹಾಗೂ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ದಾಖಲಿಸಿಕೊಂಡು, ದರಪಟ್ಟಿಯ ಪ್ರಕಾರ ಹಾಲು ಹಾಕುವವರ ಬಟವಾಡೆಯನ್ನು ಲೆಕ್ಕ ಹಾಕಿಕೊಡುವ ತಂತ್ರಾಂಶವನ್ನು ಬರೆದು ನೋಡಿಕೊಳ್ಳುವುದು ನಮ್ಮ ಕೆಲಸ. ಬೆಂಗಳೂರಿನಲ್ಲಿರುವ ಮುಖ್ಯ ಕಚೇರಿಯಿಂದ ಹೋದ ವಾರ ಒಂದು ವ್ಯಕ್ತಿತ್ವ ಪರೀಕ್ಷೆಯ ಲಿಂಕ್ ಬಂದಿದೆ. ಎಲ್ಲರೂ ಅದನ್ನು ಮಾಡಿ, ಬಂದ ನಾಲ್ಕು ಅಕ್ಷರಗಳ ಫಲಿತಾಂಶವನ್ನು ಒಂದು ಪಟ್ಟಿಯಲ್ಲಿ ಹೆಸರಿನ ಮುಂದೆ ತುಂಬಬೇಕು. ಮುಂದಿನ ತ್ರೈಮಾಸಿಕದಿಂದ ಯಾರಿಗೆ ಯಾವ ಕೆಲಸ ಎಂಬುದನ್ನು ಆ ಪಟ್ಟಿಯನ್ನು ನೋಡಿ ಹಂಚಬೇಕು ಎಂಬುದು ಸೂಚನೆ. ಅಂತರ್ಮುಖಿಗಳಿಗೆ ಸರ್ವರ್ ಕಡೆಯ ಕೋಡ್, ಬಹಿರ್ಮುಖಿಗಳಿಗೆ ಗ್ರಾಹಕರ ಜೊತೆಗಿನ ಮಾತುಕತೆ, ಹೀಗೆ.

ಇದನ್ನು ನಗೆಯಾಡಿ ತಳ್ಳಿಹಾಕುವ ಸ್ಥಿತಿಯಲ್ಲಿ ನಾನಿಲ್ಲ, ಏಕೆಂದರೆ ನಮ್ಮ ತಂಡದಲ್ಲಿ ಸ್ವಭಾವಗಳ ತೊಡಕು ನಿಜವಾಗಿಯೂ ಇದೆ. ಮೂವರ ವಿಷಯ ಹೇಳುತ್ತೇನೆ.

ಮೊದಲನೆಯವರು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೋಡ್ ಬಲ್ಲವರು, ಮಾತು ಕಡಿಮೆ. ರಿವ್ಯೂನಲ್ಲಿ, ಅಂದರೆ ಬೇರೆಯವರ ಕೋಡ್ ಓದಿ ತಪ್ಪು ಹುಡುಕುವಾಗ, ಅವರು ಬರೆಯುವ ಟಿಪ್ಪಣಿ ಎರಡು ಪದ ದಾಟುವುದಿಲ್ಲ. ಹೊಸದಾಗಿ ಸೇರಿದ ಒಬ್ಬರು ಫ್ಯಾಟ್ ಸಂಖ್ಯೆಯನ್ನು ನೂರರಿಂದ ಗುಣಿಸಿ, ದಶಾಂಶವನ್ನು ಕತ್ತರಿಸಿ, ಪೂರ್ಣಾಂಕವಾಗಿ ಉಳಿಸುವ ಕೋಡ್ ಬರೆದಿದ್ದರು. ಅದರ ಕೆಳಗೆ ಇವರು "ತಪ್ಪು. ತೆಗೆಯಿರಿ" ಎಂದಷ್ಟೇ ಬರೆದರು. ಅವರು ಹೇಳಿದ್ದು ಸರಿಯೇ ಇತ್ತು. 4.35 ಎಂಬ ಸಂಖ್ಯೆಯನ್ನು ಕಂಪ್ಯೂಟರ್ ತನ್ನ ದ್ವಿಮಾನ (0 ಮತ್ತು 1ರ) ಲೆಕ್ಕದಲ್ಲಿ ನಿಖರವಾಗಿ ಹಿಡಿದಿಡಲಾರದು. ನೂರರಿಂದ ಗುಣಿಸಿದರೆ 435ರ ಬದಲು 434.99999999999994 ಬರುತ್ತದೆ, ಕತ್ತರಿಸಿದಾಗ 434 ಉಳಿಯುತ್ತದೆ, ಹಾಲು ಹಾಕಿದವರ ಫ್ಯಾಟ್ ಯಾರಿಗೂ ಗೊತ್ತಾಗದಂತೆ 4.34 ಆಗಿಬಿಡುತ್ತದೆ. ಆದರೆ ಇಷ್ಟನ್ನು ಸಂಜೆ ಕುಳಿತು ನಾನು ಕಂಡುಕೊಂಡೆನೇ ಹೊರತು ಅವರು ಬರೆದು ತಿಳಿಸಲಿಲ್ಲ. ಹೊಸಬರು ಮಾರನೆಯ ದಿನ ರಜೆ ಹಾಕಿದರು.

ಎರಡನೆಯವರು ಯಾವುದಕ್ಕೂ ಇಲ್ಲ ಎನ್ನುವವರಲ್ಲ. ಏನು ಕೇಳಿದರೂ "ಆಗುತ್ತೆ ಸಾರ್, ಸಂಜೆಗೆ ಕೊಡ್ತೀನಿ" ಎನ್ನುತ್ತಾರೆ. ಯಾವ ದಿನದ ಸಂಜೆ ಎಂಬುದು ಮಾತ್ರ ದೇವರಿಗೇ ಗೊತ್ತು.

ಮೂರನೆಯವರು ರಾತ್ರಿ ಪಾಳಿಯ ಮನುಷ್ಯ. ಹಗಲು ಕುರ್ಚಿಯಲ್ಲಿ ಇರುತ್ತಾರೆ, ಕೆಲಸವೆಲ್ಲ ರಾತ್ರಿ ಹನ್ನೊಂದರ ಮೇಲೆ ಮನೆಯಿಂದ. ದರಪಟ್ಟಿಯ ಭಾಗವನ್ನು ಅವರು ಬಿಟ್ಟರೆ ಮತ್ತೊಬ್ಬರು ಮುಟ್ಟಿಲ್ಲ. ಹಾಸನಾಂಬ ದೇವಸ್ಥಾನದ ಬಾಗಿಲು ತೆರೆದ ವಾರ ಅವರ ಮನೆಗೆ ನೆಂಟರು ಬಂದು, ರಜೆ ಹಾಕಿ, ಫೋನನ್ನೂ ಎತ್ತದೆ ಇದ್ದರು. ಅದೇ ವಾರ ದರ ಬದಲಾಗಿ ಲೆಕ್ಕ ಕೆಟ್ಟಿತು. ಬಟವಾಡೆ ಒಂದು ದಿನ ತಡವಾಯಿತು, ಡೈರಿಯ ಕಾರ್ಯದರ್ಶಿಗಳಿಂದ ನಾನು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಪರೀಕ್ಷೆಯನ್ನು ನಾನೂ ಮಾಡಿದೆ. ಶುಕ್ರವಾರ ಕಚೇರಿಯಲ್ಲಿ ಮಾಡಿದಾಗ ಅಂತರ್ಮುಖಿ ಎಂದು ಬಂತು. ಅನುಮಾನ ಬಂದು ಭಾನುವಾರ ಮನೆಯಲ್ಲಿ ಊಟ ಮುಗಿಸಿ ಮತ್ತೆ ಮಾಡಿದೆ, ಬಹಿರ್ಮುಖಿಯಾಗಿದ್ದೆ. ಇಂತಹ ಪಟ್ಟಿಯನ್ನು ನಂಬಿ ಕೆಲಸ ಹಂಚಬಹುದೇ? ಹಂಚಬಾರದು ಎಂದಾದರೆ, ಈ ಮೂವರ ಜೊತೆ ಏನು ಮಾಡಬೇಕು? ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ 1
ಬರೆದವರು: ತೋಟದ ಮನೆ, ಚಿಕ್ಕಮಗಳೂರು

ಹದಿನೆಂಟು ವರ್ಷ ಬೆಂಗಳೂರಿನಲ್ಲಿ ಕೋಡ್ ಬರೆದು, ಈಗ ನಾಲ್ಕು ವರ್ಷದಿಂದ ಚಿಕ್ಕಮಗಳೂರಿನ ಪಕ್ಕದ ನಮ್ಮ ತೋಟದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಮೊದಲು ಪರೀಕ್ಷೆಯ ಮಾತು ಮುಗಿಸುತ್ತೇನೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ಎಂಬಾತ ತನ್ನ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ಇದು ನಿಮ್ಮ ಫಲಿತಾಂಶ ಎಂದು ಒಂದೊಂದು ಹಾಳೆ ಹಂಚಿದ. ನಿಮಗೆ ಎಷ್ಟು ಹೊಂದುತ್ತದೆ ಎಂದು ಐದಕ್ಕೆ ಅಂಕ ಹಾಕಿಸಿದಾಗ ಸರಾಸರಿ 4.26 ಬಂತು. ಎಲ್ಲ ಹಾಳೆಗಳಲ್ಲಿಯೂ ಇದ್ದದ್ದು ಒಂದೇ ಬರಹ, ಅದನ್ನೂ ಆತ ಬಹುಮಟ್ಟಿಗೆ ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಆಯ್ದುಕೊಂಡಿದ್ದ. ನಮ್ಮ ಅಜ್ಜಿ ಬೆಳಗಿನ ಪತ್ರಿಕೆಯ ದಿನಭವಿಷ್ಯವನ್ನು ಗಟ್ಟಿಯಾಗಿ ಓದುವಾಗ ಮೇಷದವರಿಗೆ ಬರೆದದ್ದು ಮನೆಯ ಹನ್ನೆರಡು ಜನಕ್ಕೂ ಹೊಂದುತ್ತಿತ್ತು. ನಿಮ್ಮ ಮುಖ್ಯ ಕಚೇರಿಯ ಪಟ್ಟಿಯ ಮೇಲೆ ನನಗಿರುವ ಗೌರವ ಅಷ್ಟೇ.

ಆದರೆ ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯವಾದದ್ದು, ಅದಕ್ಕೆ ನನ್ನ ಉತ್ತರ ಕೋಡಿಗಿಂತ ತೋಟದಿಂದ ಬಂದದ್ದು. ನಮ್ಮಲ್ಲಿ ಅರೇಬಿಕಾ ಕಾಫಿಯ ಕುಯ್ಲು ನವೆಂಬರ್‌ನಿಂದ ಜನವರಿಯವರೆಗೆ ನಡೆಯುತ್ತದೆ. ಒಂದು ವರ್ಷ ಆಳು ಸಿಗುವುದು ಕಷ್ಟವಾಗಿ ಕೆ.ಜಿ. ಲೆಕ್ಕದಲ್ಲಿ ಹಣ್ಣು ಕುಯ್ಯಿಸಿದೆವು. ಸಂಜೆ ಚೀಲ ತೂಗಿ ಕಣದಲ್ಲಿ ಸುರಿದು ನೋಡಿದರೆ ಕೆಂಪು ಹಣ್ಣಿನ ಜೊತೆ ಹಸಿರು ಕಾಯಿ, ಎಲೆ, ಗೆಣ್ಣಿನ ಸಮೇತ ಕಿತ್ತ ಕಡ್ಡಿ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕುವ ಮೊದಲು ಹಸಿರನ್ನು ಆರಿಸಲು ಮತ್ತೆ ನಾಲ್ಕು ಆಳು ಬೇಕಾಯಿತು. "ಈ ಸಲ ಬಂದಿರೋರು ಬರೀ ಗಡಿಬಿಡಿ ಜನ" ಎಂದು ಅಪ್ಪ ಗೊಣಗಿದರು. ಮರುವರ್ಷ ಅದೇ ಲೈನ್ ಮನೆಯ (ತೋಟದ ಕೂಲಿಯವರ ಮನೆಸಾಲು) ಅದೇ ಹೆಂಗಸರು ದಿನಗೂಲಿಗೆ ಬಂದರು. ಒಂದೊಂದೇ ಹಣ್ಣನ್ನು ಬಿಡಿಸಿ ಹಾಕಿದರು, ಹುಡುಕಿದರೂ ಚೀಲದಲ್ಲಿ ಹಸಿರು ಸಿಗಲಿಲ್ಲ, ಆದರೆ ಕುಯ್ಲು ಹದಿನೈದು ದಿನ ಹೆಚ್ಚು ಎಳೆಯಿತು. ಆಗ ಅಪ್ಪ ಅವರನ್ನು ಸೋಮಾರಿಗಳು ಎಂದರು. ಜನ ಬದಲಾಗಿರಲಿಲ್ಲ, ಕೂಲಿಯ ಲೆಕ್ಕ ಬದಲಾಗಿತ್ತು. ಸ್ವಭಾವದ ಹೆಸರು ಮಾತ್ರ ಎರಡೂ ವರ್ಷ ಅವರ ತಲೆಯ ಮೇಲೆಯೇ ಕೂತಿತು.

ಹಾಗಾಗಿ ನಿಮ್ಮ ಮೂವರ ವಿಷಯದಲ್ಲಿ ಅವರು ಎಂಥವರು ಎಂದು ಕೇಳುವ ಮೊದಲು ಅವರ ಮುಂದೆ ಯಾವ ಲೆಕ್ಕ ಇಟ್ಟಿದ್ದೀರಿ ಎಂದು ನೋಡಿಕೊಳ್ಳಬೇಕು. "ಆಗುತ್ತೆ ಸಾರ್" ಎನ್ನುವವರಿಗೆ ಎಸ್ಟಿಮೇಟ್ ಕೇಳುವವರು ಯಾರು, ಯಾರ ಎದುರಿಗೆ ಕೇಳುತ್ತಾರೆ? ಗ್ರಾಹಕರು ಫೋನಿನಲ್ಲಿ ಇರುವಾಗ, ಲೀಡ್ ತಲೆ ತಿರುಗಿಸಿ "ಏನಪ್ಪಾ, ಆಗುತ್ತಾ?" ಎಂದು ಕೇಳಿದರೆ ನಮ್ಮ ಕಡೆಯ ಯಾವ ಹುಡುಗನ ಬಾಯಲ್ಲಿ ಇಲ್ಲ ಎಂಬ ಮಾತು ಬರುತ್ತದೆ? ಎರಡು ಪದದ ಟಿಪ್ಪಣಿ ಬರೆಯುವವರ ಮೇಜಿಗೆ ದಿನಕ್ಕೆ ಎಷ್ಟು ರಿವ್ಯೂ ಬಂದು ಬೀಳುತ್ತವೆ ಎಂದು ಎಣಿಸಿದ್ದೀರಾ? ರಾತ್ರಿ ಕೆಲಸ ಮಾಡುವವರ ಕಮಿಟ್‌ಗಳ, ಅಂದರೆ ಅವರು ಕೋಡ್ ಬದಲಾವಣೆಗಳನ್ನು ದಾಖಲಿಸಿದ, ವೇಳೆಯನ್ನು ಆ ದಾಖಲೆ ಇಡುವ ಗಿಟ್ ತಂತ್ರಾಂಶದ ಇತಿಹಾಸ ತೆರೆದು ನೋಡಿ, ಹಗಲು ಅವರು ಯಾವುದಕ್ಕಾಗಿ ಕಾಯುತ್ತಾ ಕೂತಿದ್ದಾರೆ ಎಂದು ಅವರನ್ನೇ ಕೇಳಿ.

ಇನ್ನೊಂದು ಮಾತು. ಕಂಪ್ಯೂಟರ್ ಕ್ಷೇತ್ರದ ಲೇಖಕ ಜೆರಾಲ್ಡ್ ವೈನ್‌ಬರ್ಗ್ 1971ರಷ್ಟು ಹಿಂದೆಯೇ ಅಹಂಕಾರವಿಲ್ಲದ ಪ್ರೋಗ್ರಾಮಿಂಗ್ ಎಂಬ ವಿಚಾರವನ್ನು ಮುಂದಿಟ್ಟಿದ್ದರು. ಬರೆದ ಕೋಡನ್ನು ತನ್ನ ಅಂಗವೆಂದು ತಿಳಿದವನಿಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ಆದ್ದರಿಂದ ಬೇರೆಯವರು ಓದಿ ತಪ್ಪು ಹುಡುಕುವುದನ್ನು ಮಾಮೂಲಿ ಕೆಲಸವಾಗಿ ಮಾಡಿಕೊಳ್ಳಬೇಕು ಎಂಬುದು ಅದರ ತಿರುಳು. ನಿಮ್ಮ ತಂಡದಲ್ಲಿ ಒಬ್ಬರೇ ಎಲ್ಲರ ಕೋಡ್ ಓದುತ್ತಾರೆ, ಅವರ ಕೋಡನ್ನು ಯಾರು ಓದುತ್ತಾರೆ ಎಂಬುದನ್ನು ನೀವು ಬರೆದಿಲ್ಲ.

ಉತ್ತರ 2
ಬರೆದವರು: ಪಾಠದ ಮೇಡಂ, ಹಾಸನ

ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವಳು ನಾನು. ಸಾಫ್ಟ್‌ವೇರ್ ನನ್ನ ವಿಷಯವಲ್ಲ, ಆದರೆ ನಾಲ್ಕು ಅಕ್ಷರಗಳ ಆ ಪರೀಕ್ಷೆಯ ಬಗ್ಗೆ ಸ್ವಲ್ಪ ಹಿನ್ನೆಲೆ ಹೇಳಿದರೆ ಮುಖ್ಯ ಕಚೇರಿಗೆ ಉತ್ತರ ಬರೆಯಲು ನಿಮಗೆ ಅನುಕೂಲವಾಗಬಹುದು.

ಅದರ ಬೇರು ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ಮಾನಸಿಕ ಮಾದರಿಗಳ ವಿಚಾರದಲ್ಲಿದೆ. ಅಂತರ್ಮುಖಿ, ಬಹಿರ್ಮುಖಿ ಎಂಬ ಪದಗಳು ಜನಸಾಮಾನ್ಯರ ಬಾಯಿಗೆ ಬಂದದ್ದು ಅಲ್ಲಿಂದ. ಅದನ್ನು ಪ್ರಶ್ನೆಪತ್ರಿಕೆಯಾಗಿ ಮಾಡಿದವರು ಅಮೆರಿಕದ ತಾಯಿ ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಬ್ರಿಗ್ಸ್ ಮಯರ್ಸ್. ಇಬ್ಬರೂ ಮನಶ್ಶಾಸ್ತ್ರದಲ್ಲಿ ಕ್ರಮಬದ್ಧ ತರಬೇತಿ ಪಡೆದವರಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸದಾಗಿ ಕಾರ್ಖಾನೆ, ಕಚೇರಿಗಳಿಗೆ ಬರುತ್ತಿದ್ದ ಹೆಂಗಸರಿಗೆ ತಕ್ಕ ಕೆಲಸ ಹುಡುಕಿಕೊಳ್ಳಲು ನೆರವಾಗಲಿ ಎಂಬ ಸದುದ್ದೇಶ ಅವರದು. ನಾಲ್ಕು ಜೋಡಿ ಗುಣಗಳು, ಪ್ರತಿ ಜೋಡಿಯಲ್ಲಿ ಒಂದು ಅಕ್ಷರ, ಒಟ್ಟು 16 ಮಾದರಿಗಳು. ಇದನ್ನು ನೇಮಕಾತಿಗೆ ಬಳಸಕೂಡದು ಎಂದು ಆ ಪರೀಕ್ಷೆಯನ್ನು ಮಾರುವ ಸಂಸ್ಥೆಯೇ ಹೇಳುತ್ತದೆ. ಹೀಗಿರುವಾಗ ಅದನ್ನು ನೋಡಿ ಕೆಲಸ ಹಂಚುವುದು ಎಷ್ಟು ಸರಿ ಎಂದು ನೀವು ಧಾರಾಳವಾಗಿ ಕೇಳಬಹುದು.

ನಿಮ್ಮ ಅಕ್ಷರ ಎರಡು ದಿನದಲ್ಲಿ ಬದಲಾದದ್ದಕ್ಕೆ ಕಾರಣ ಸರಳವಾಗಿದೆ. ಪಾಸಿಗೆ 35 ಅಂಕ ಬೇಕಾದ ಒಂದು ಪರೀಕ್ಷೆಯಲ್ಲಿ 34 ಬಂದವನು ನಪಾಸು, 36 ಬಂದವನು ಪಾಸು. ಇಬ್ಬರ ತಿಳಿವಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಮೌಲ್ಯಮಾಪಕರು ಬದಲಾದರೆ ಫಲಿತಾಂಶವೂ ಅದಲುಬದಲಾದೀತು. ಆದರೆ 36 ಮತ್ತು 96 ಬಂದವರಿಬ್ಬರೂ ಒಂದೇ ಪಾಸಿನ ಪಟ್ಟಿಯಲ್ಲಿ ಇರುತ್ತಾರೆ. ಮನುಷ್ಯರಲ್ಲಿ ಬಹುಪಾಲು ಜನ ಅಂತರ್ಮುಖ, ಬಹಿರ್ಮುಖಗಳ ನಡುವಿನ ಜಾಗದಲ್ಲಿ ಇರುವವರೇ. ನಡುವೆ ಒಂದು ಗೆರೆ ಎಳೆದು ಆಚೆ, ಈಚೆ ಎಂದು ಹೆಸರಿಟ್ಟರೆ ಗೆರೆಯ ಹತ್ತಿರ ಇರುವವರು ಊಟವಾದ ಮೇಲೆ ಆಚೆಗೆ ದಾಟುತ್ತಾರೆ.

ಹಾಗೆಂದು ಸ್ವಭಾವ ಎಂಬುದೇ ಇಲ್ಲ ಎಂದು ನಾನು ಹೇಳಲಾರೆ. ನಮ್ಮ ಶಾಸ್ತ್ರದಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಐದು ಗುಣಗಳ ಅಳತೆ: ಹೊಸದಕ್ಕೆ ತೆರೆದ ಮನಸ್ಸು, ಶಿಸ್ತು ಮತ್ತು ಹೊಣೆಗಾರಿಕೆ, ಬಹಿರ್ಮುಖತೆ, ಹೊಂದಿಕೊಂಡು ಹೋಗುವ ಗುಣ, ಭಾವನೆಗಳ ಏರುಪೇರು. ಅಲ್ಲಿ ಯಾರನ್ನೂ ಪೆಟ್ಟಿಗೆಗೆ ಹಾಕುವುದಿಲ್ಲ, ಪ್ರತಿ ಗುಣವೂ ಹೆಚ್ಚು ಕಡಿಮೆಯ ಲೆಕ್ಕ. 1991ರಲ್ಲಿ ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು ಅದುವರೆಗಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತಾವು ಪರಿಶೀಲಿಸಿದ ಎಲ್ಲ ಬಗೆಯ ಉದ್ಯೋಗಗಳಲ್ಲಿಯೂ ಕೆಲಸದ ಗುಣಮಟ್ಟದ ಜೊತೆ ಹೆಜ್ಜೆ ಹಾಕಿದ ಗುಣ ಶಿಸ್ತು ಮತ್ತು ಹೊಣೆಗಾರಿಕೆ. ಆ ಸಂಬಂಧವೂ ಸಾಧಾರಣ ಪ್ರಮಾಣದ್ದು, ಅದನ್ನು ನೋಡಿ ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲಾಗದು.

ತೋಟದ ಮನೆಯವರು ಹೇಳಿದ ಕುಯ್ಲಿನ ಸಂಗತಿಗೆ ಹೊಂದುವ ಒಂದು ಪ್ರಯೋಗ ನೆನಪಾಗುತ್ತಿದೆ. 1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಎಂಬುವರು ಕ್ಯೂಬಾದ ಕ್ಯಾಸ್ಟ್ರೋ ಪರವಾಗಿ ಮತ್ತು ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಬರೆದವರಿಗೆ ಯಾವ ಪಕ್ಷ ಹಿಡಿಯಬೇಕೆಂದು ಮೊದಲೇ ಆದೇಶವಾಗಿತ್ತು ಎಂದು ಸ್ಪಷ್ಟವಾಗಿ ತಿಳಿಸಿದಾಗಲೂ ಓದಿದವರು ಬರೆದವರ ಅಂತರಂಗದ ಅಭಿಪ್ರಾಯ ಪ್ರಬಂಧದಲ್ಲಿ ಇದ್ದಂತೆಯೇ ಇರಬೇಕು ಎಂಬ ಕಡೆಗೆ ವಾಲಿದರು. ಎದುರಿಗಿರುವ ಮನುಷ್ಯ ಕಣ್ಣಿಗೆ ಬೀಳುತ್ತಾನೆ, ಅವನನ್ನು ಹಾಗೆ ನಡೆಯುವಂತೆ ಮಾಡಿದ ಆದೇಶ ಬೀಳುವುದಿಲ್ಲ. ಲೀಡ್ ಆದವರಿಗೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಬಹಳ ಸಲ ಆ ಆದೇಶ ಅವರದೇ ಆಗಿರುತ್ತದೆ.

ಉತ್ತರ 3
ಬರೆದವರು: ಬಗ್ ಹುಡುಕುವವಳು

ನಾನು ಹಾಸನದವಳು, ಹತ್ತು ವರ್ಷದಿಂದ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ನಿಮ್ಮ ಪತ್ರದಲ್ಲಿ ಮೂವರ ವರ್ಣನೆ ಇದೆ, ಟೆಸ್ಟರ್ ಹೆಸರೇ ಇಲ್ಲ. ಹನ್ನೊಂದು ಜನರ ತಂಡದಲ್ಲಿ ಟೆಸ್ಟರ್ ಇಲ್ಲವೆಂದರೆ ನಿಮ್ಮ ಎರಡು ಪದದ ಟಿಪ್ಪಣಿಯ ಮಹನೀಯರೇ ಆ ಕೆಲಸವನ್ನೂ ಮಾಡುತ್ತಿದ್ದಾರೆ ಎಂದು ನನ್ನ ಊಹೆ.

ಹಿಂದೆ ನಾನಿದ್ದ ಒಂದು ಕಡೆ ನನಗೆ ತಕರಾರು ಮೇಡಂ ಎಂದು ಹೆಸರಿತ್ತು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಒಮ್ಮೆ ಹಂಚಿಕೊಂಡ ಪರದೆಯ ಮೇಲೆ ಚಾಟ್ ಕಿಟಕಿ ತೆರೆದುಕೊಂಡಾಗ ನಾನೇ ಓದಿದೆ. ಆ ಹೆಸರು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಹಣ ಪಾವತಿಯ ಒಂದು ಪುಟ ಮಾರನೆಯ ಬೆಳಿಗ್ಗೆ ಬಿಡುಗಡೆಯಾಗಬೇಕಿತ್ತು. ಕಚೇರಿಯ ವೈಫೈನಲ್ಲಿ ಎಲ್ಲವೂ ಸರಿಯಿತ್ತು. ಸಂಜೆ ಆರಕ್ಕೆ ನಾನು ವೈಫೈ ಆರಿಸಿ, ಮೊಬೈಲ್ ಹಿಡಿದುಕೊಂಡು ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿದು, ಸಿಗ್ನಲ್ ಒಂದು ಗೆರೆಗೆ ಬಂದ ಜಾಗದಲ್ಲಿ ಪಾವತಿಯ ಗುಂಡಿ ಒತ್ತಿದೆ. ಚಕ್ರ ಸುತ್ತುತ್ತಲೇ ಇತ್ತು. ಸಾಮಾನ್ಯ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದೆ, ಇನ್ನೊಂದು ಸಲ ಒತ್ತಿದೆ. ಮೇಲೆ ಬಂದು ನೋಡಿದರೆ ಒಂದೇ ಬಿಲ್ಲಿಗೆ ಎರಡು ಪಾವತಿ ದಾಖಲಾಗಿತ್ತು. ಇದನ್ನು ಹೇಳಿದಾಗ ಮ್ಯಾನೇಜರ್ ಅಂದದ್ದು: "ನೀವು ಯಾಕೆ ಮೇಡಂ ಯಾವಾಗಲೂ ನೆಗೆಟಿವ್?" ನೆಗೆಟಿವ್ ಆಗಿರಲಿ ಎಂದೇ ಅವರು ನನಗೆ ಸಂಬಳ ಕೊಡುತ್ತಿದ್ದರು ಎಂಬುದನ್ನು ನಾನು ಆಗ ಹೇಳಲಿಲ್ಲ. ಹೇಳಬೇಕಿತ್ತು.

ಆಮೇಲಿನ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಆಟೊಮೇಷನ್ ಬಲ್ಲವಳು ಎಂದು ನನ್ನನ್ನು ಎಂಟು ತಿಂಗಳು ಡೆವಲಪ್‌ಮೆಂಟ್ ಕಡೆಗೆ ಹಾಕಿದರು. ಮೂರನೆಯ ವಾರಕ್ಕೆ ನನ್ನ ಬಾಯಿಂದಲೇ "ಅದು ಬಗ್ ಅಲ್ಲ, ಹಾಗೇ ಇರಬೇಕು" ಎಂಬ ಮಾತು ಬಂತು. ನನ್ನ ಜಾಗಕ್ಕೆ ಬಂದ ಹುಡುಗ, ಮೊದಲು ಡೆವಲಪರ್ ಆಗಿದ್ದಾಗ ಬಹಳ ಲವಲವಿಕೆಯವನೆಂದು ಹೆಸರಾದವನು, ಎರಡು ತಿಂಗಳಲ್ಲಿ ತಕರಾರಿನವನಾದ. ಕುರ್ಚಿಯಲ್ಲಿ ಕುಳಿತವರು ಬದಲಾದರೂ ಹೆಸರು ಕುರ್ಚಿಗೆ ಅಂಟಿಕೊಂಡೇ ಇತ್ತು. ಪೂರ್ತಿ ಅಂಟಿಕೊಂಡಿರಲಿಲ್ಲ ಎಂಬುದನ್ನೂ ಹೇಳಬೇಕು: ಅವನು ಬಗ್ ಹುಡುಕಿದಾಗ ಖಡಕ್ ಎಂದರು, ನಾನು ಹುಡುಕಿದಾಗ ಜಗಳಗಂಟಿ ಎಂದಿದ್ದರು. ನಾಲ್ಕು ಅಕ್ಷರದ ಪಟ್ಟಿಯಲ್ಲಿ ಇದಕ್ಕೆ ಯಾವ ಅಕ್ಷರವಿದೆಯೋ ತಿಳಿಯದು.

ಆದ್ದರಿಂದ ನನ್ನ ಸಲಹೆ ಇಷ್ಟು. ಎರಡು ವಾರದ ಮಟ್ಟಿಗೆ ಆ ಮೂವರ ಕೆಲಸವನ್ನು ಅದಲುಬದಲು ಮಾಡಿ ನೋಡಿ. "ಆಗುತ್ತೆ" ಎನ್ನುವವರು ರಿವ್ಯೂ ಮಾಡಲಿ, ರಿವ್ಯೂ ಮಾಡುವವರು ಡೈರಿಯ ಕಾರ್ಯದರ್ಶಿಗಳ ಫೋನ್ ಎತ್ತಲಿ. ಫೋನ್ ಎತ್ತಿದ ಮೊದಲ ದಿನ ಗಲಾಟೆಯಾಗುತ್ತದೆ, ಅದಕ್ಕೆ ಸಿದ್ಧರಾಗಿರಿ.

ಉತ್ತರ 4
ಬರೆದವರು: ಬೇಲೂರಿನ ಫ್ರೆಶರ್

ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು, ಆದ್ದರಿಂದ ರಜೆ ಹಾಕಿದ ಹೊಸಬರ ಪರವಾಗಿ ಮಾತ್ರ ಬರೆಯುತ್ತೇನೆ. "ತಪ್ಪು" ಎಂಬ ಟಿಪ್ಪಣಿಯನ್ನು ನಾನೂ ತಿಂದಿದ್ದೇನೆ. ಆಗ ನನಗೆ ಬೇಕಾಗಿದ್ದದ್ದು ಮೆತ್ತನೆಯ ಮಾತಲ್ಲ. ನಿಮ್ಮ ಉದಾಹರಣೆಯಲ್ಲಿ "4.35 ಹಾಕಿ ನೋಡಿ" ಎಂದು ಬರೆದಿದ್ದರೆ ಅದೂ ಮೂರೇ ಪದ, ಹೊಸಬರು ಹತ್ತು ನಿಮಿಷದಲ್ಲಿ ತಾವೇ ಕಂಡುಕೊಂಡು, ಮನೆಗೆ ಹೋಗಿ ಹೇಳಿಕೊಳ್ಳುವಷ್ಟು ಖುಷಿಪಡುತ್ತಿದ್ದರು.

ಅಹಂಕಾರವಿಲ್ಲದ ಪ್ರೋಗ್ರಾಮಿಂಗ್ ಬಗ್ಗೆ ಒಂದು ಸಣ್ಣ ತಕರಾರಿದೆ. ನಮ್ಮೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ, ಬಿರುದುಗಳ ಸಮೇತ. ಕೆಲಸ ತನ್ನದು ಎಂಬ ಹೆಮ್ಮೆ ಇಲ್ಲದವರು ಅಷ್ಟು ನಯವಾಗಿ ಕಲ್ಲು ಕೊರೆಯುತ್ತಿದ್ದರೇ? ಕೋಡಿನ ಪ್ರತಿ ಸಾಲಿನ ಪಕ್ಕದಲ್ಲಿ ಬರೆದವರ ಹೆಸರನ್ನು ತೋರಿಸುವ ಆಜ್ಞೆ ಗಿಟ್‌ನಲ್ಲಿ ಇದೆ. ಆದರೆ ಅದಕ್ಕೆ ಇಟ್ಟ ಹೆಸರು ಬ್ಲೇಮ್, ಅಂದರೆ ದೂಷಣೆ. ಬೇಲೂರಿನಲ್ಲಿ ಅದನ್ನು ಅಂಕಿತ ಎನ್ನುತ್ತಿದ್ದರು.

ಉತ್ತರ 5
ಬರೆದವರು: ಘಟ್ಟದ ಮೇಲಿನವ, ಸಕಲೇಶಪುರ

ಮೇಲಿನವರ ಮಾತುಗಳಲ್ಲಿ ಹೆಚ್ಚಿನವನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಕಟ್ಟುವುದನ್ನು ಒಪ್ಪಲಾರೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಸುಮಾರು ತಂಡಗಳನ್ನು ನೋಡಿದ್ದೇನೆ. ಒಂದು ಕಡೆ ಒಬ್ಬ ಅತಿ ಬುದ್ಧಿವಂತರಿದ್ದರು. ಕಿರಿಯರ ಕೋಡನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿ ನಗುವುದು ಅವರ ಅಭ್ಯಾಸ. ಕೆಲಸದ ಹೊರೆ ಹೆಚ್ಚಾಗಿದೆಯೇನೋ ಎಂದು ಕಡಿಮೆ ಮಾಡಿದೆವು. ಮನ್ನಣೆ ಸಾಲದೇನೋ ಎಂದು ಹುದ್ದೆ ಏರಿಸಿದೆವು. ಬೇರೆ ಕೆಲಸ ಕೊಟ್ಟೆವು, ಪ್ರತ್ಯೇಕ ಕೊಠಡಿಯನ್ನೂ ಕೊಟ್ಟೆವು. ಅಷ್ಟರಲ್ಲಿ ಒಂದೂವರೆ ವರ್ಷ ಕಳೆಯಿತು, ಒಳ್ಳೆಯ ಮೂವರು ಬಿಟ್ಟುಹೋದರು. ಕೊನೆಗೆ ಆ ಮಹನೀಯರನ್ನೇ ಕಳುಹಿಸಿದ ಮೇಲೆ ತಂಡದಲ್ಲಿ ಜನ ಮತ್ತೆ ಪ್ರಶ್ನೆ ಕೇಳಲು ಶುರು ಮಾಡಿದರು. ಕೂಲಿಯ ಲೆಕ್ಕ ಯಾವುದೇ ಇರಲಿ, ಕೆಲವರು ಚೀಲಕ್ಕೆ ಕಲ್ಲು ಹಾಕುತ್ತಾರೆ.

ನಿಮ್ಮ ಮೊದಲನೆಯವರು ಅಂಥವರೆಂದು ನಿಮ್ಮ ವಿವರಣೆಯಿಂದ ಅನ್ನಿಸುವುದಿಲ್ಲ. ಕಡಿಮೆ ಮಾತು ಬೇರೆ, ಇನ್ನೊಬ್ಬರನ್ನು ಕುಗ್ಗಿಸಿ ಸುಖಪಡುವುದು ಬೇರೆ. ಒಂದು ಗುರುತು ಹೇಳುತ್ತೇನೆ: ಅವರ ತಪ್ಪನ್ನು ಯಾರಾದರೂ ತೋರಿಸಿದಾಗ ಅವರು ಏನು ಮಾಡುತ್ತಾರೆ ಎಂದು ನೋಡಿ. ಸುಮ್ಮನೆ ತಿದ್ದಿಕೊಂಡರೆ ಅವರು ಕೆಲಸದ ಮನುಷ್ಯ.

ರಾತ್ರಿಯವರ ವಿಷಯದಲ್ಲಿ ಎಚ್ಚರಿಕೆ. ದರಪಟ್ಟಿ ಕೆಟ್ಟ ದಿನ ಅವರ ಪಕ್ಕದಲ್ಲಿ ಇಬ್ಬರನ್ನು ಕೂರಿಸಿದರೆ ಪ್ರಯೋಜನವಿಲ್ಲ. ತಡವಾಗಿರುವ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಸಾಫ್ಟ್‌ವೇರ್ ಕ್ಷೇತ್ರದ ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ಬರೆದರು, ಏಕೆಂದರೆ ಹೊಸಬರಿಗೆ ಕಲಿಸಬೇಕಾದವರು ಆ ಕೆಲಸ ಮಾಡುತ್ತಿರುವವರೇ. ಯಾವ ಬಟವಾಡೆಯೂ ಇಲ್ಲದ ತಣ್ಣನೆಯ ವಾರದಲ್ಲಿ, ಹಗಲಿನಲ್ಲಿ, ಕೀಲಿಮಣೆ ಇನ್ನೊಬ್ಬರ ಕೈಯಲ್ಲಿರಲಿ, ಇವರು ಪಕ್ಕದಲ್ಲಿ ಕುಳಿತು ಬಾಯಲ್ಲಿ ಹೇಳಲಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ
ಬರೆದವರು: ಬಿ.ಎಂ. ರಸ್ತೆಯವ, ಹಾಸನ

ಎಲ್ಲರಿಗೂ ಧನ್ಯವಾದಗಳು. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ತೋಟದ ಮನೆಯವರು ಹೇಳಿದಂತೆ ಎಣಿಸಿದೆ. ಹಿಂದಿನ ತಿಂಗಳಲ್ಲಿ ನಮ್ಮಲ್ಲಿ 96 ಪುಲ್ ರಿಕ್ವೆಸ್ಟ್‌ಗಳು (ಬರೆದ ಕೋಡನ್ನು ಓದಿ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ಬಂದಿದ್ದವು, ಅವುಗಳಲ್ಲಿ 71 ಒಬ್ಬರ ಮೇಜಿಗೇ ಹೋಗಿದ್ದವು. ಹಾಗೆ ಕಳುಹಿಸುವ ನಿಯಮವನ್ನು ಎರಡು ವರ್ಷದ ಹಿಂದೆ ಮಾಡಿದವನು ನಾನೇ, ಮರೆತೇ ಹೋಗಿತ್ತು. ಈಗ ನಾಲ್ವರಿಗೆ ಹಂಚಿದ್ದೇನೆ. ತಪ್ಪು ಎಂದು ಬರೆಯುವವರು ಅದನ್ನು ತೋರಿಸುವ ಒಂದು ಸಂಖ್ಯೆಯನ್ನಾದರೂ ಬರೆಯಬೇಕು ಎಂಬ ಬೇಲೂರಿನವರ ಸಲಹೆಯನ್ನು ನಿಯಮವನ್ನಾಗಿ ಮಾಡಿದೆವು. ಮೊದಲನೆಯವರು ಈಗಲೂ ಮಿತಭಾಷಿಯೇ. ಹೋದ ಸೋಮವಾರ ಅವರ ಟಿಪ್ಪಣಿ ಹೀಗಿತ್ತು: "0 ಲೀಟರ್, ಸಂಜೆ." ಹೊಸಬರು ಸ್ವಲ್ಪ ಹೊತ್ತು ನೋಡಿ, ಹಾಲೇ ಹಾಕದ ದಿನ ಸರಾಸರಿ ತೆಗೆಯುವಾಗ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ ಎಂದು ಕಂಡುಕೊಂಡರು. ಹೌದು, ನಮ್ಮಲ್ಲಿ ಟೆಸ್ಟರ್ ಇಲ್ಲ, ಮೇಡಂ ಊಹೆ ಸರಿ. ಒಬ್ಬರು ಬೇಕೆಂದು ಮುಖ್ಯ ಕಚೇರಿಗೆ ಬರೆದಿದ್ದೇನೆ.

ರಾತ್ರಿಯವರನ್ನು ಕೇಳಿದಾಗ ಬಂದ ಉತ್ತರಕ್ಕೆ ನಾನು ಸಿದ್ಧನಿರಲಿಲ್ಲ. ನಮ್ಮಲ್ಲಿ ಪರೀಕ್ಷೆಗೆಂದು ಇರುವುದು ಒಂದೇ ಸರ್ವರ್. ಹಗಲು ಎಲ್ಲರ ವರದಿಗಳೂ ಅದರ ಮೇಲೆಯೇ ಓಡುತ್ತವೆ. ದರಪಟ್ಟಿಯ ಲೆಕ್ಕವನ್ನು ಒಮ್ಮೆ ಪೂರ್ತಿ ಓಡಿಸಿ ನೋಡಲು ಹಗಲು 40 ನಿಮಿಷ ಹಿಡಿಯುತ್ತದೆ, ರಾತ್ರಿ ಹನ್ನೊಂದರ ಮೇಲೆ ಆರು ನಿಮಿಷ. "ನನಗೇನು ನಿದ್ದೆ ಬೇಡವಾ ಸಾರ್?" ಎಂದರು. ವರದಿಗಳನ್ನು ಬೇರೆ ಯಂತ್ರಕ್ಕೆ ಸಾಗಿಸಿದ್ದೇವೆ. ಈಗ ಅವರು ಬೆಳಿಗ್ಗೆ ಒಂಬತ್ತೂವರೆಗೆ ಬಂದು ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದಾರೆ. ಹೇಳಿಕೊಡುವುದರಲ್ಲಿ ತಾಳ್ಮೆ ಸ್ವಲ್ಪ ಕಡಿಮೆಯೇ.

"ಆಗುತ್ತೆ ಸಾರ್" ಮಾತ್ರ ಬಗೆಹರಿದಿಲ್ಲ. ಗ್ರಾಹಕರ ಎದುರು ಕೇಳುವುದನ್ನು ಬಿಟ್ಟು, ಹಿಂದಿನ ದಿನವೇ ಬರೆದು ಕೊಡಲು ಹೇಳಿದಾಗ, ಹಿಂದೆ ಸಂಜೆಗೆ ಎನ್ನುತ್ತಿದ್ದ ಕೆಲಸಕ್ಕೆ ಅವರೇ ಮೂರು ದಿನ ಎಂದು ಬರೆದರು, ಮೂರು ದಿನದಲ್ಲಿ ಮುಗಿಸಿದರು ಕೂಡ. ನಾನು ಗೆದ್ದೆ ಎಂದುಕೊಂಡೆ. ಆದರೆ ಹೋದ ಬುಧವಾರ ಗ್ರಾಹಕರು ನನ್ನನ್ನು ಬಿಟ್ಟು ನೇರವಾಗಿ ಅವರನ್ನೇ ಕೇಳಿದರು, ಇವರು ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ "ಆಗುತ್ತೆ ಸಾರ್, ಸಂಜೆಗೆ" ಎಂದುಬಿಟ್ಟರು. ಸಕಲೇಶಪುರದವರ ಮಾತು ನೆನಪಾಯಿತು.

ಮುಖ್ಯ ಕಚೇರಿಯ ಪಟ್ಟಿಯನ್ನು ಶುಕ್ರವಾರ ಕಳುಹಿಸಿದೆ. ಉಳಿದವರ ಹೆಸರಿನ ಮುಂದೆ ಅವರವರು ಬರೆಯಬೇಕೆಂದರೆ ಬರೆಯಲಿ ಎಂದು ಬಿಟ್ಟೆ, ಐವರು ಬರೆದಿಲ್ಲ. ನನ್ನ ಹೆಸರಿನ ಮುಂದೆ ಶುಕ್ರವಾರದ್ದು, ಭಾನುವಾರದ್ದು ಎರಡೂ ಫಲಿತಾಂಶಗಳನ್ನು ದಿನಾಂಕ ಸಮೇತ ಬರೆದೆ. ನಿನ್ನೆ ಎಚ್‌ಆರ್‌ನಿಂದ ಫೋನ್ ಬಂತು: ಆ ಅಂಕಣದಲ್ಲಿ ನಾಲ್ಕೇ ಅಕ್ಷರ ಹಿಡಿಯುತ್ತದೆಯಂತೆ, ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳುತ್ತಿದ್ದಾರೆ.